ಬಿಳಿ ಕಾರು, ನೀಲಿ ಕಾರು

ಅಮ್ಮ ಯಾರನ್ನೂ ಕೇಳದೆ ತಮ್ಮನ ನೀಲಿ ಕಾರಿನ ಮುಂದಿನ ಬಾಗಿಲು ತೆಗೆದು ಕೂತುಬಿಟ್ಟಳು. ಅವಳಿಗಾಗಿ ಬಿಳಿ ಕಾರಿನ ಬಾಗಿಲು ತೆರೆದು ಹಿಡಿದಿದ್ದ ಅಣ್ಣ ಹಾಗೇ ನಿಂತ.

"ಇದ್ರಲ್ಲಿ ಸೀಟು ಮೆತ್ತಗಿದೆ ಕಣೋ, ಸೊಂಟಕ್ಕೆ ಹಿತ," ಎಂದಳು ಅಮ್ಮ.

ಬಿಳಿ ಕಾರು ಅಪ್ಪನದು. ಅಪ್ಪ ಹೋದಮೇಲೆ ಹದಿನೆಂಟು ವರ್ಷ ಅದನ್ನು ಕಣ್ಣಲ್ಲಿ ಕಣ್ಣಿಟ್ಟು ನೋಡಿಕೊಂಡವನು ಮೆಕ್ಯಾನಿಕ್ಕನಾದ ಈ ಅಣ್ಣನೇ. ಮದುವೆ, ಆಸ್ಪತ್ರೆ, ಹೆರಿಗೆ, ಮನೆಯವರ ಎಲ್ಲ ಓಡಾಟಕ್ಕೂ ಅದೇ. ಮೇಷ್ಟ್ರಾಗಿರುವ ತಮ್ಮ ಹೋದ ವರ್ಷ ಅಷ್ಟೇ ಹಳೆಯ, ಬೇರೆ ಕಂಪನಿಯ ನೀಲಿ ಕಾರೊಂದನ್ನು ತಂದು ನಿಲ್ಲಿಸಿದ್ದೇ ತಡ, ಎಲ್ಲರ ಬಾಯಲ್ಲೂ ಅದರದೇ ಮಾತು. ಕುಲುಕುವುದೇ ಇಲ್ಲವಂತೆ, ಎಂಥ ಏರನ್ನೂ ಲೀಲಾಜಾಲವಾಗಿ ಹತ್ತುತ್ತದಂತೆ. ಊಟದ ಹೊತ್ತಿನಲ್ಲಿ ತನ್ನ ಹೆಂಡತಿಯೂ ಅದನ್ನೇ ಅಂದಾಗ ಅಣ್ಣ ತಟ್ಟೆ ಸರಿಸಿದ. "ಭಾನುವಾರ ಎರಡನ್ನೂ ಗುಡ್ಡ ಹತ್ತಿಸಿ ನೋಡೇಬಿಡೋಣ," ಎಂದಿದ್ದ.

ತಮ್ಮ ನಗುತ್ತಲೇ ಒಪ್ಪಿದ. ಶನಿವಾರ ತಾನೇ ಕಾರನ್ನು ಗ್ಯಾರೇಜಿಗೆ ತಂದು, "ಒಂದ್ಸಲ ನೋಡ್ಬಿಡಣ್ಣ, ನಂಗೇನ್ ಗೊತ್ತಾಗುತ್ತೆ," ಎಂದು ಕೀ ಕೊಟ್ಟುಹೋದ. ಅಣ್ಣ ಪ್ಲಗ್ ಒರೆಸಿದ, ಆಯಿಲ್ ನೋಡಿದ, ಇಂಜಿನ್ನಿನ ಸದ್ದಿಗೆ ಕಿವಿಕೊಟ್ಟು ನಿಂತ. ಒಂದು ಅಪಸ್ವರವಿಲ್ಲ. ಸ್ಪ್ಯಾನರ್ ತೆಗೆದು, ಇಂಜಿನ್ನಿನಲ್ಲಿ ಕಿಡಿ ಹಾರುವ ಟೈಮಿಂಗನ್ನು ಉಗುರಿನಷ್ಟು ಹಿಂದಕ್ಕೆ ಸರಿಸಿ ಬೋಲ್ಟು ಬಿಗಿದ. ಸಮತಟ್ಟು ರಸ್ತೆಯಲ್ಲಿ ಯಾರಿಗೂ ಗೊತ್ತಾಗುವುದಿಲ್ಲ. ಏರಿನಲ್ಲಿ ಮಾತ್ರ ಕಾರಿಗೆ ಉಸಿರು ಕಟ್ಟುತ್ತದೆ.

ಅಮ್ಮ ನೀಲಿ ಕಾರು ಹತ್ತಿದ ಆ ಭಾನುವಾರ ಹಾಗೇ ಆಯಿತು. ಮೂರನೇ ತಿರುವಿನಲ್ಲೇ ನೀಲಿ ಕಾರು ಹಿಂದೆ ಬಿತ್ತು. ಗುಡ್ಡದ ತುದಿಯ ನೀರಿನ ಟ್ಯಾಂಕಿನ ಹತ್ತಿರ ಅಣ್ಣ ಬಿಳಿ ಕಾರನ್ನು ನಿಲ್ಲಿಸಿ ಕಾದ. ಐದು ನಿಮಿಷ ಕಳೆಯಿತು. ಹತ್ತಾಯಿತು.

"ಯಾಕ್ರೀ ಇನ್ನೂ ಬರ್ಲಿಲ್ಲ? ಅತ್ತೆ ಬೇರೆ ಇದಾರೆ," ಎಂದಳು ಪಕ್ಕದಲ್ಲಿದ್ದ ಹೆಂಡತಿ.

ಅವನು ಕಾರನ್ನು ಕೆಳಕ್ಕೆ ತಿರುಗಿಸಿದ.

ನೀಲಿ ಕಾರಿನ ಬಾನೆಟ್ಟಿನಿಂದ ಹಬೆ ಏಳುತ್ತಿತ್ತು. ಅಮ್ಮ ಉರಿಬಿಸಿಲಲ್ಲಿ ರಸ್ತೆಬದಿಯ ಕಲ್ಲಿನ ಮೇಲೆ ಕೂತು ಪೇಪರಿನಿಂದ ಗಾಳಿ ಬೀಸಿಕೊಳ್ಳುತ್ತಿದ್ದಳು.

"ಕಾರಿಂದೇನೂ ತಪ್ಪಿಲ್ಲಮ್ಮ," ಎನ್ನುತ್ತಿದ್ದ ತಮ್ಮ. "ನಿನ್ನೆ ತಾನೆ ಅಣ್ಣ ಎಲ್ಲಾ ನೋಡಿದಾನೆ. ನಂಗೇ ಓಡಿಸೋಕೆ ಬರಲ್ಲ."

ಅಣ್ಣ ಬಾನೆಟ್ ಎತ್ತಿದ. ಇಂಜಿನ್ ತಣಿಯುವವರೆಗೆ ಕಾದು ನೀರು ತುಂಬಿದ. ಆಮೇಲೆ ಸ್ಪ್ಯಾನರ್ ತಂದು, ಎಲ್ಲೂ ಹುಡುಕದೆ, ನೇರ ಆ ಬೋಲ್ಟಿಗೇ ಹಾಕಿದ. ತಮ್ಮನನ್ನು ಕೂರಿಸಿ ಸ್ಟಾರ್ಟ್ ಮಾಡಿಸಿದ. ಸದ್ದು ಮೊದಲಿನ ಹಾಗೆ ನಯವಾಯಿತು. ಇಳಿದು ಬಂದ ತಮ್ಮ ಅವನ ಕೈಯನ್ನೇ ನೋಡುತ್ತ ನಿಂತ.

"ಎಷ್ಟು ತಿರುಗಿಸಿದ್ದೆ?"

"ಉಗುರಿನಷ್ಟು."

"ಸೋಲು ಅಂದಿದ್ರೆ ಸೋಲ್ತಿದ್ದೆ," ತಮ್ಮನ ದನಿ ಮೆಲ್ಲಗಿತ್ತು. "ಅಮ್ಮ ಒಳಗಿದ್ಲಲ್ಲಣ್ಣ."

ಅಣ್ಣ ಅಮ್ಮನ ಕೈಹಿಡಿದು ಕರೆತಂದು ನೀಲಿ ಕಾರಿನಲ್ಲೇ ಕೂರಿಸಿದ. ತಮ್ಮ ಹೋಗಿ ಅತ್ತಿಗೆಯಿದ್ದ ಬಿಳಿ ಕಾರನ್ನು ಹತ್ತಿದ.

ನೀಲಿ ಕಾರಿನ ಸ್ಟೀರಿಂಗ್ ಹಿಡಿದ ಅಣ್ಣನಿಗೆ ಏರು ಏರೆನಿಸಲೇ ಇಲ್ಲ. ಎರಡು ತಿರುವು ದಾಟುವಷ್ಟರಲ್ಲಿ ಅಮ್ಮನಿಗೆ ಜೊಂಪು ಹತ್ತಿತು. ಕನ್ನಡಿಯಲ್ಲಿ ಬಿಳಿ ಕಾರು ತೇಕುತ್ತ ಬರುತ್ತಿತ್ತು. ತಮ್ಮ ಮುಂದಕ್ಕೆ ಬಾಗಿ ಅದನ್ನು ಪುಸಲಾಯಿಸುವವನಂತೆ ಕೂತಿದ್ದ. ನೋಡನೋಡುತ್ತ ಅದು ಚಿಕ್ಕದಾಯಿತು. ಅಣ್ಣ ರಸ್ತೆಯ ಪಕ್ಕಕ್ಕೆ ಸರಿದು, ಇಂಜಿನ್ ಆರಿಸದೆ, ಅದು ಹತ್ತಿರ ಬರುವವರೆಗೆ ಕಾದ.