ಅಕ್ಕನ ಅಡ್ಡಗೆರೆ

ನಮ್ಮ ಆಸ್ಪತ್ರೆಯಲ್ಲಿ ವಾರ್ಡಿನ ಕಂಪ್ಯೂಟರ್ ಒಂದು ಹೇಳಿದರೆ ಔಷಧ ವಿಭಾಗದ್ದು ಇನ್ನೊಂದು ಅರ್ಥ ಮಾಡಿಕೊಳ್ಳುತ್ತಿತ್ತು. ಎತ್ತು ಏರಿಗೆಳೆದರೆ ಕೋಣ ನೀರಿಗೆಳೆದ ಕಥೆ. ಎಲ್ಲವೂ ಒಂದೇ ದಾರಿಯಲ್ಲಿ ಮಾತಾಡಿಕೊಳ್ಳಲೆಂದು, ಸಂದೇಶಗಳನ್ನು ಹೊತ್ತೊಯ್ಯುವ 'ಸರ್ವಿಸ್ ಬಸ್' ಎಂಬ ತಂತ್ರಾಂಶ ಕಟ್ಟಿದವಳು ನಾನು. ಯಾವ ಸಂದೇಶದಲ್ಲಿ ಯಾವ ಅಂಕಣ ಇರಬೇಕು, ಅದರಲ್ಲಿ ಏನು ಬರೆಯಬಹುದು ಎಂದು ಆರು ತಿಂಗಳು ನೆಲಮಾಳಿಗೆಯಲ್ಲಿ ಕೂತು ನಿರ್ಧರಿಸಿದವಳೂ ನಾನೇ. ಆ ಜಂಬ ನನಗೆ ಚೆನ್ನಾಗಿಯೇ ಇತ್ತು.

ನಾಲ್ಕನೇ ಮಹಡಿಯ ತುರ್ತು ವಾರ್ಡಿನಲ್ಲಿ ನನ್ನ ಅಕ್ಕ ನರ್ಸು. "ಒಂದ್ಸಲ ಮೇಲೆ ಬಂದು ನಾವು ಹೇಗೆ ಬರೀತೀವಿ ನೋಡೇ" ಎಂದು ಎರಡು ಬಾರಿ ಕರೆದಿದ್ದಳು.

"ನಿಮ್ಮ ಕಾಗೆ ಕಾಲು ಗುಬ್ಬಿ ಕಾಲು ಓದೋಕೆ ನಂಗೆ ಪುರುಸೊತ್ತಿಲ್ಲ ಕಣೇ" ಎಂದಿದ್ದೆ.

ಹಳೆಯ ದಾಖಲೆಗಳ ಅಲರ್ಜಿ ಅಂಕಣದಲ್ಲಿ ಕೆಲವು ಕಡೆ ಅಡ್ಡಗೆರೆ, ಕೆಲವು ಕಡೆ ಖಾಲಿ. ಗೆರೆಗಳನ್ನು ಕಸವೆಂದು ಗುಡಿಸಿಹಾಕಿದೆ. ಅಂಕಣ ಖಾಲಿಯಿದ್ದರೆ 'ಅಲರ್ಜಿ ಇಲ್ಲ' ಎಂದು ತೋರಿಸುವಂತೆ ನಿಯಮ ಬರೆದೆ.

ಬಸ್ ಶುರುವಾದ ಮೊದಲ ದಿನ, ಬೆಳಿಗ್ಗೆ ಹನ್ನೊಂದು. ನನ್ನ ಪರದೆಯ ಮೇಲೆ ಸಂದೇಶಗಳು ಒಂದರ ಹಿಂದೊಂದು ಸರಿಯುತ್ತಿದ್ದವು. ತುರ್ತು ವಾರ್ಡಿನಿಂದ ಒಂದು ಬಂತು: ಹೆಸರು ಗೊತ್ತಿಲ್ಲ, ವಯಸ್ಸು ಗೊತ್ತಿಲ್ಲ, ಅಪಘಾತ, ಪ್ರಜ್ಞೆಯಿಲ್ಲ. ಮರುಕ್ಷಣವೇ ಔಷಧ ವಿಭಾಗದ ಉತ್ತರ: ಅಲರ್ಜಿ ಇಲ್ಲ, ಪೆನಿಸಿಲಿನ್ ಕೊಡಬಹುದು.

ಹೆಸರೇ ಗೊತ್ತಿಲ್ಲದವನಿಗೆ ಅಲರ್ಜಿ ಇಲ್ಲವೆಂದು ಯಾರಿಗೆ ಗೊತ್ತು?

ಆಗ ಹೊಳೆಯಿತು. ಅಡ್ಡಗೆರೆಯೆಂದರೆ ಕೇಳಿದ್ದೇವೆ, ಇಲ್ಲ ಎಂದರು. ಖಾಲಿಯೆಂದರೆ ಕೇಳಲೇ ಆಗಿಲ್ಲ. ಎರಡನ್ನೂ ಒಂದೇ ಮಾಡಿದ್ದೆ ನಾನು.

ವಾರ್ಡಿಗೆ ಫೋನ್ ಮಾಡಿದೆ, ಲೈನ್ ಬಿಡುವಿಲ್ಲ. "ವಾರ್ಡುಗಳ ಔಷಧ ಸಂದೇಶ ಎಲ್ಲಾ ನಿಲ್ಸಿ!" ಎಂದು ನಮ್ಮ ವಿಭಾಗದ ಮ್ಯಾನೇಜರಿಗೆ ಕೂಗಿ ಹೊರಗೋಡಿದೆ. ಲಿಫ್ಟ್ ಮೇಲೆಲ್ಲೋ ಇತ್ತು. ಮೆಟ್ಟಿಲು ಹತ್ತಿದೆ. ಮೂರನೇ ಮಹಡಿಯಲ್ಲಿ ಒಂದು ಚಪ್ಪಲಿ ಕಳಚಿತು, ಅಲ್ಲೇ ಬಿಟ್ಟೆ.

ಅಕ್ಕ ಹಾಸಿಗೆಯ ಮೇಲೆ ಬಾಗಿದ್ದಳು. ಸಿರಿಂಜಿನ ತುದಿ ರೋಗಿಯ ಕೈಗೆ ಹಾಕಿದ್ದ ನಳಿಕೆಗೆ ತಾಗುವುದರಲ್ಲಿತ್ತು.

"ಅಕ್ಕಾ, ಬೇಡ! ಕೊಡ್ಬೇಡ!"

ಅವಳ ಕೈ ನಿಂತಿತು. "ಯಾಕೇ? ಅಲರ್ಜಿ ಇಲ್ಲ ಅಂತ ಬಂದಿದೆಯಲ್ಲ."

"ನೀನು ಕೇಳಿದ್ಯಾ?"

"ಪ್ರಜ್ಞೆ ಇಲ್ದವನನ್ನ ಏನ್ ಕೇಳ್ಲಿ? ಖಾಲಿ ಬಿಟ್ಟೆ. ನಿನ್ನ ಬಸ್ಸು ಎಲ್ಲೋ ಹಳೇ ದಾಖಲೆ ಹುಡುಕಿ ತಂತು ಅನ್ಕೊಂಡೆ."

"ಅದೇನೂ ಹುಡುಕಿಲ್ಲ. ನಿನ್ನ ಖಾಲಿನೇ 'ಇಲ್ಲ' ಅಂತ ಮಾಡಿ ನಿನಗೇ ವಾಪಸ್ ಕೊಟ್ಟಿದೆ. ನಾನೇ ಹಾಗೆ ಬರೆದಿದ್ದು."

ಅಕ್ಕ ಸಿರಿಂಜನ್ನು ತಟ್ಟೆಯಲ್ಲಿಟ್ಟಳು. ವೈದ್ಯರು ಬಂದು ಬೇರೆ ಔಷಧ ಬರೆದರು.

ಮಧ್ಯಾಹ್ನ ಅಪಘಾತದ ಸುದ್ದಿ ತಿಳಿದು ಆ ಮನುಷ್ಯನ ಹೆಂಡತಿ ಏದುಸಿರು ಬಿಡುತ್ತ ಬಂದಳು. ಬದುಕಿದ್ದಾನೆಂದು ತಿಳಿದೊಡನೆ ಕೇಳಿದ ಮೊದಲ ಮಾತು: "ಪೆನಿಸಿಲಿನ್ ಕೊಟ್ಟಿಲ್ಲ ತಾನೆ? ಹೋದ್ಸಲ ಉಸಿರೇ ನಿಂತು ಹೋಗಿತ್ತು."

ನಾನು ಗೋಡೆಗೊರಗಿ ಅತ್ತುಬಿಟ್ಟೆ. ಅಕ್ಕ ಬೈಯುತ್ತಾಳೆ ಎಂದುಕೊಂಡಿದ್ದೆ, ಬೈಯಲಿಲ್ಲ. ನನ್ನ ಬರಿಗಾಲನ್ನೊಮ್ಮೆ ನೋಡಿದಳು.

"ಬೇರೆ ಯಾರಾದ್ರೂ ಮಾಡಿದ್ದಾಗಿದ್ರೆ ಔಷಧದವರಿಗೆ ಫೋನ್ ಮಾಡಿ ಇನ್ನೊಂದ್ಸಲ ವಿಚಾರಿಸ್ತಿದ್ದೆ" ಎಂದಳು. "ನೀನು ಮಾಡಿದ್ದು ಅಂತ ಸುಮ್ನಾದೆ."