ಮೊಳದುದ್ದದ ಕೋಲು

“ನೆಟ್ಟಗೆ ನಿಂತ್ಕೊಂಡು ಗುಡಿಸ್ತಾಳಂತೆ, ದೊಡ್ಡ ಮಹಾರಾಣಿ! ಬಗ್ಗೇ ಹಾಳಾದೋಳೆ, ಬಗ್ಗು!”

ಉದ್ದಕ್ಕ ಬಗ್ಗಿದಳು. ಆ ಏಳಂತಸ್ತಿನ ಕಚೇರಿಯನ್ನು ಗುಡಿಸುವ ಹನ್ನೊಂದು ಹೆಂಗಸರಲ್ಲಿ ಅವಳೇ ಎಲ್ಲರಿಗಿಂತ ಒಂದು ಗೇಣು ಎತ್ತರ. ಹಾಗಾಗಿ ಬಗ್ಗುವುದೂ ಎಲ್ಲರಿಗಿಂತ ಒಂದು ಗೇಣು ಹೆಚ್ಚೇ. ಬೈದವನು ಅವರ ಮೇಲಿನ ಸೂಪರ್‌ವೈಸರ್. ಹೆಂಗಸರು ಅವನನ್ನು ಬೆನ್ನ ಹಿಂದೆ ಗರಗಸ ಅನ್ನುತ್ತಿದ್ದರು.

ಆ ಹೆಸರನ್ನು ಅವನು ದುಡಿದೇ ಸಂಪಾದಿಸಿದ್ದ. ವರ್ಷದ ಹಿಂದೆ ಕಚೇರಿಗೆ ಹೊಸ ಪೊರಕೆಗಳು ಬಂದಾಗ ಕೋಲು ಎದೆಮಟ್ಟ ಇತ್ತು. ಹೆಂಗಸರು ನೆಟ್ಟಗೆ ನಿಂತು, ಪಟ್ಟಾಂಗ ಹೊಡೆಯುತ್ತಾ, ಒಂದು ವಾರ ಸುಖವಾಗಿ ಗುಡಿಸಿದರು. ದೊಡ್ಡ ಸಾಹೇಬರು ಗಾಜಿನ ಕೋಣೆಯಿಂದ ನೋಡಿ, “ಏನ್ರೀ ಇದು, ಇವರೆಲ್ಲ ಬರೀ ನಿಂತೇ ಇರ್ತಾರಲ್ಲ?” ಅಂದದ್ದೇ ತಡ, ಸೂಪರ್‌ವೈಸರು ಉಗ್ರಾಣದಲ್ಲಿ ಕೂತು ಒಂದೊಂದೇ ಕೋಲನ್ನು ಮಂಡಿಗಳ ನಡುವೆ ಸಿಕ್ಕಿಸಿಕೊಂಡು ಪರಪರ ಕೊಯ್ದ. ಒಂದೊಂದು ಮೊಳ ಉಳಿಯಿತು. ಕಟ್ಟಡದಲ್ಲಿ ಒರೆಸುವ ಕೋಲು, ಜೇಡರ ಬಲೆ ತೆಗೆಯುವ ಕೋಲು ಯಾವುದನ್ನೂ ಆ ಪುಣ್ಯಾತ್ಮ ಬಿಡಲಿಲ್ಲ. ಈಗ ಸಾಹೇಬರು ಕಣ್ಣೆತ್ತಿದರೆ ಹನ್ನೊಂದು ಬಗ್ಗಿದ ಬೆನ್ನು ಕಾಣುತ್ತಿತ್ತು, ಅವರ ಮನಸ್ಸಿಗೆ ತಂಪಾಗುತ್ತಿತ್ತು.

ಉದ್ದಕ್ಕನ ಬೆನ್ನಿಗೆ ಮಾತ್ರ ಬೆಂಕಿ ಬಿದ್ದಿತ್ತು. ಮನೆಗೆ ಹೋದರೆ ಎರಡು ವರ್ಷದ ಮೊಮ್ಮಗಳು ಎರಡೂ ಕೈ ಮೇಲೆತ್ತಿ “ಅಜ್ಜಿ, ಎತ್ಕೋ” ಅನ್ನುತ್ತಾ ಓಡಿ ಬರುತ್ತಿದ್ದಳು. ಮೂರು ತಿಂಗಳಿಂದ ಉದ್ದಕ್ಕ ಅವಳನ್ನು ಎತ್ತಿರಲಿಲ್ಲ. ಮಗು ಈಚೆಗೆ ಕೇಳುವುದನ್ನೇ ಬಿಟ್ಟಿತ್ತು, ಅದು ಬೆನ್ನುನೋವಿಗಿಂತ ಹೆಚ್ಚು ನೋಯುತ್ತಿತ್ತು.

“ಬೆನ್ನು ತುಂಬ ನೋಯುತ್ತೆ, ನಂಗೊಬ್ಬಳಿಗೆ ಉದ್ದ ಕೋಲು ಕೊಡ್ಸಿ ಸಾರ್,” ಎಂದು ಒಮ್ಮೆ ಕೇಳಿದ್ದಳು.

“ಬೆನ್ನುನೋವಾ? ಬೆನ್ನು ಅನ್ನೋದು ಕುರ್ಚಿ ಮೇಲೆ ಕೂತೋರಿಗೆ ಇರೋದು ಕಣೇ. ಬಗ್ಗೋಕಾಗಲ್ಲ ಅಂದ್ರೆ ನಾಳೆಯಿಂದ ಬರಬೇಡ.”

ಕುರ್ಚಿ ಮೇಲೆ ಕೂತವರ ಬೆನ್ನಿಗಾಗಿಯೇ ಒಂದು ದಿನ ಫಿಸಿಯೋಥೆರಪಿ ಡಾಕ್ಟರಮ್ಮ ಬಂದರು. ಸಭಾಂಗಣ ತುಂಬ ನೌಕರರು. ಅರ್ಧ ಗಂಟೆಗೊಮ್ಮೆ ಕುರ್ಚಿ ಬಿಟ್ಟೇಳಿ, ಭುಜ ತಿರುಗಿಸಿ, ಕತ್ತು ನೆಟ್ಟಗಿಡಿ ಎಂದೆಲ್ಲ ಹೇಳಿದ ಮೇಲೆ ಡಾಕ್ಟರಮ್ಮ, “ತಪ್ಪಾಗಿ ಬಗ್ಗೋದು ಹೇಗಿರುತ್ತೆ ಅಂತ ತೋರಿಸ್ಬೇಕು, ಯಾರಾದ್ರೂ ಬರ್ತೀರಾ?” ಅಂದರು.

ಗರಗಸ ಹಾರಿ ಎದ್ದ. “ಇದ್ದಾಳೆ ಮೇಡಂ! ತಪ್ಪಿಗೆ ಇವಳಿಗಿಂತ ಒಳ್ಳೆ ಮಾಲು ಸಿಗಲ್ಲ. ಬಾರೇ ಇಲ್ಲಿ!”

ಬಾಗಿಲ ಬಳಿ ಗುಡಿಸುತ್ತಿದ್ದ ಉದ್ದಕ್ಕ ಪೊರಕೆ ಸಮೇತ ವೇದಿಕೆ ಹತ್ತಿ ಬಗ್ಗಿದಳು. ಮುಖ ಗೋಡೆಗೆ, ಉಳಿದದ್ದೆಲ್ಲ ಸಭೆಗೆ. ಡಾಕ್ಟರಮ್ಮ ಪೆನ್ನಿನಿಂದ ಬೆನ್ನುಮೂಳೆ ತೋರಿಸಿದರು, ಮುಂದಿನ ಸಾಲಿನವರು ಫೋಟೋ ಹೊಡೆದುಕೊಂಡರು. ಒಬ್ಬ, “ಮೇಡಂ, ಲ್ಯಾಪ್‌ಟಾಪ್ ಬ್ಯಾಗ್ ಹೊತ್ರೂ ಹಿಂಗೇ ಆಗುತ್ತಾ?” ಅಂದ. ಇನ್ನೊಬ್ಬ ಸೋಫಾದಲ್ಲಿ ಮಲಗುವ ಬಗ್ಗೆ ಕೇಳಿದ. ಎಲ್ಲ ಪ್ರಶ್ನೆಗೂ ಉತ್ತರ ಮುಗಿಯುವ ತನಕ ಉದ್ದಕ್ಕ ತಪ್ಪಾಗಿಯೇ ನಿಂತಿದ್ದಳು. ನಾಚಿಕೆಗೆ ಕಿವಿ ಸುಡುತ್ತಿತ್ತು.

“ಸಾಕಮ್ಮ, ಏಳಿ,” ಅಂದರು ಡಾಕ್ಟರಮ್ಮ. ಏಳಲು ಅವಳಿಗೆ ಮೂರು ಕಂತು ಬೇಕಾಯಿತು. ಡಾಕ್ಟರಮ್ಮ ಸೊಂಟ ಒತ್ತಿ ನೋಡಿದರು. ಮುಖ ಸಣ್ಣದಾಯಿತು. “ಎಷ್ಟು ದಿನದಿಂದ ಹೀಗಿದೆ?”

“ಕೋಲು ಕೊಯ್ದಾಗಿಂದ.”

“ಇನ್ನು ಹಿಂಗೆ ಬಗ್ಗಬೇಡಿ. ಕೋಲು ಎದೆಮಟ್ಟ ಇರ್ಬೇಕು. ಹೀಗೇ ಮುಂದುವರಿಸಿದ್ರೆ ಒಂದು ದಿನ ಬಗ್ಗಿದವರು ಏಳೋದೇ ಇಲ್ಲ.”

ದೊಡ್ಡ ಸಾಹೇಬರು ಮೈಕು ಹಿಡಿದು, “ಡಾಕ್ಟರ್ ಹೇಳಿದ್ದನ್ನ ಎಲ್ಲರೂ ಪಾಲಿಸ್ಬೇಕು. ಎಲ್ಲಾ ಗೋಡೆಗೂ ಅಂಟಿಸಿ!” ಅಂದರು. ಚಪ್ಪಾಳೆ ಬಿತ್ತು. ಗರಗಸ ಆ ಸಂಜೆಯೇ ಡಾಕ್ಟರಮ್ಮ ಕೊಟ್ಟ ಚಿತ್ರವನ್ನು ಮಹಡಿಗೆ ನಾಲ್ಕರಂತೆ ಅಂಟಿಸಿದ. ಒಂದು ಕಡೆ ಬಗ್ಗಿ ಗುಡಿಸುವ ಹೆಂಗಸು, ಅವಳ ಮೇಲೆ ಕೆಂಪು ಗೀಟು. ಪಕ್ಕದಲ್ಲಿ ನೆಟ್ಟಗೆ ನಿಂತವಳು, ಕೈಯಲ್ಲಿ ಉದ್ದ ಕೋಲು. ಕೆಳಗೆ ಭಾರ ಎತ್ತಬೇಡಿ ಅನ್ನುವ ಒಂದು ಮೂಟೆಯ ಚಿತ್ರ.

ಮಾರನೆಯ ಬೆಳಿಗ್ಗೆ ಉದ್ದಕ್ಕ ಉಗ್ರಾಣದ ಬಾಗಿಲಲ್ಲಿ ನಿಂತಳು. “ಕೋಲು, ಸಾರ್.”

“ಆ ಚಿತ್ರ ಆಫೀಸಿನೋರಿಗೆ. ನಿಮಗಲ್ಲ.”

ಅವಳು ಚಿತ್ರದ ಕಡೆ ನೋಡಿದಳು. ತಲೆಗೆ ಬಟ್ಟೆ ಕಟ್ಟಿ ಪೊರಕೆ ಹಿಡಿದ ಆಫೀಸಿನವರನ್ನು ಅವಳಂತೂ ಈತನಕ ಕಂಡಿರಲಿಲ್ಲ. ಸಿಟ್ಟು ನೆತ್ತಿಗೇರಿತು, ಹಿಂದೆಯೇ ನಗುವೂ ಬಂತು. ಮೆಟ್ಟಿಲ ಬಳಿ ಹತ್ತು ಜನರನ್ನೂ ಸೇರಿಸಿ ಪಿಸುಗುಟ್ಟಿದಳು. ಅವರಲ್ಲಿ ಕುಳ್ಳಿ ಅನ್ನುವವಳು ಬಾಯಿಗೆ ಬಟ್ಟೆ ತುರುಕಿಕೊಂಡು ನಕ್ಕಳು.

ಹತ್ತು ಗಂಟೆಗೆ ಆರನೆಯ ಮಹಡಿಯ ಉದ್ದನೆಯ ಕಾರಿಡಾರಿನಲ್ಲಿ ಹನ್ನೊಂದು ಹೆಂಗಸರು ಸಾಲಾಗಿ ಬಂದರು. ಬೆನ್ನು ನೆಟ್ಟಗೆ, ಕತ್ತು ನೆಟ್ಟಗೆ, ನೋಟ ಮುಂದೆ. ಕೈಯಲ್ಲಿ ಮೊಳದುದ್ದದ ಪೊರಕೆ, ಅದು ನೆಲದಿಂದ ಮಂಡಿ ಎತ್ತರದಲ್ಲಿ ಸರಬರ ಆಡುತ್ತಿತ್ತು. ಗಾಳಿಯನ್ನು ಚೊಕ್ಕವಾಗಿ ಗುಡಿಸಿದರು. ಮೂಲೆಯಲ್ಲಿದ್ದ ಗಾಳಿಯನ್ನೂ ಬಿಡಲಿಲ್ಲ. ಅರ್ಧ ಗಂಟೆಗೊಮ್ಮೆ ನಿಂತು, ಒಟ್ಟಿಗೆ ಭುಜ ತಿರುಗಿಸಿದರು.

“ಏನ್ರೇ ಇದು ಮುಂಡೇವಾ!” ಗರಗಸ ಓಡಿ ಬಂದ. “ಕಸ ಕೆಳಗಿದೆ!”

“ಹೂಂ ಸಾರ್, ಕಾಣ್ತಿದೆ,” ಅಂದಳು ಉದ್ದಕ್ಕ. “ಪೊರಕೆ ಅಲ್ಲೀವರ್ಗೂ ಬರಲ್ಲ.”

“ಬಗ್ಗೇ!”

“ಡಾಕ್ಟ್ರು ಬೇಡ ಅಂದಿದ್ದಾರೆ. ನೀವೇ ಗೋಡೆಗೆ ಅಂಟ್ಸಿದೀರಲ್ಲ.”

“ಗುಡಿಸೋದೂ ನಾನೇ ಹೇಳ್ಕೊಡ್ಬೇಕಾ ನಿಮಗೆ? ಕೊಡಿಲ್ಲಿ!” ಅವಳ ಪೊರಕೆ ಕಿತ್ತುಕೊಂಡು, ಸೊಂಟ ಬಗ್ಗಿಸಿ, “ಹಿಂಗೆ! ಹಿಂಗೆ! ಹಿಂ—” ಅಂದ. ಮೂರನೆಯ ಬೀಸಿಗೆ ಎಲ್ಲೋ ಒಳಗೆ ಚಳುಕ್ ಅಂದಿತು. ಅವನು ಹಾಗೇ ನಿಂತುಬಿಟ್ಟ, ಗೋಡೆಯ ಮೇಲಿನ ಕೆಂಪು ಗೀಟಿನ ಹೆಂಗಸಿನ ಪಡಿಯಚ್ಚು.

“ಅಯ್ಯಯ್ಯೋ... ಎತ್ರೇ ನನ್ನ!”

ಕುಳ್ಳಿ ಗೋಡೆಯ ಮೂಟೆ ತೋರಿಸಿದಳು. “ಭಾರ ಎತ್ತಬಾರ್ದಂತೆ ಸಾರ್.”

“ಊರ್ಕೊಳ್ಳೋಕೆ ಒಂದು ಕೋಲಾದ್ರೂ ಕೊಡ್ರೇ!”

ಆ ನೋವು ಎಂಥದ್ದೆಂದು ಉದ್ದಕ್ಕನಿಗೆ ಗೊತ್ತಿತ್ತು, ಪಾಪ ಅನಿಸಿತು. ತಾನೇ ಉಗ್ರಾಣಕ್ಕೆ ಹೋಗಿ ಹುಡುಕಿ, ಇದ್ದುದರಲ್ಲಿ ಗಟ್ಟಿಯಾದದ್ದನ್ನೇ ತಂದು ಕೈಗಿಟ್ಟಳು. ಒಂದು ಮೊಳ ಇತ್ತು.

“ಇದಕ್ಕಿಂತ ಉದ್ದದ್ದು ಇಡೀ ಕಟ್ಟಡದಲ್ಲಿ ಇಲ್ಲ ಸಾರ್. ನೀವು ಬಿಟ್ಟಿದ್ರೆ ತಾನೇ?”

ಅಷ್ಟರಲ್ಲಿ ಗಾಜಿನ ಕೋಣೆಯ ಬಾಗಿಲು ತೆರೆಯಿತು. ದೊಡ್ಡ ಸಾಹೇಬರು ಕಾರಿಡಾರಿನುದ್ದಕ್ಕೂ ಕಣ್ಣಾಡಿಸಿದರು. ಹನ್ನೊಂದು ಜನ ನಿಂತಿದ್ದರು, ಒಬ್ಬ ಮೊಳದುದ್ದದ ಕೋಲೂರಿ ನೆಲ ಮೂಸುವಂತೆ ಬಗ್ಗಿದ್ದ.

“ಭೇಷ್!” ಎಂದು ಸಾಹೇಬರು ಅವನ ಬೆನ್ನು ತಟ್ಟಿದರು. ಗರಗಸ ಕುಂಯ್ ಅಂದ. “ಇವನೊಬ್ಬನಾದ್ರೂ ಕೆಲಸ ಮಾಡ್ತಿದ್ದಾನೆ. ನೀವೆಲ್ಲ ಯಾಕ್ರೀ ನಿಂತಿದೀರಿ?”

ಉದ್ದಕ್ಕ ಅವರ ಮುಖ ನೋಡಿದಳು. ಒಂದು ವರ್ಷದಲ್ಲಿ ಅವಳು ಕಂಡದ್ದು ಅವರ ಬೂಟನ್ನು ಮಾತ್ರ. ಸಾಹೇಬರು ತನಗಿಂತ ಒಂದು ಗೇಣು ಗಿಡ್ಡ ಎಂದು ಅವಳಿಗೆ ಆಗ ತಿಳಿಯಿತು.

“ಉದ್ದ ಕೋಲು ಬರ್ಲಿ ಅಂತ ನಿಂತಿದೀವಿ ಸಾರ್,” ಅಂದಳು. “ಬರೋತನಕ ನಿಂತೇ ಇರ್ತೀವಿ.”

ಕುಳ್ಳಿ ತನ್ನ ಪೊರಕೆಯನ್ನು ಅವಳ ಕೈಗಿತ್ತಳು. ಉದ್ದಕ್ಕ ಕತ್ತು ನೆಟ್ಟಗಿಟ್ಟು, ಸಾಹೇಬರ ಮಂಡಿಯ ಸುತ್ತಲಿನ ಗಾಳಿಯನ್ನು ಗುಡಿಸತೊಡಗಿದಳು. ಉಳಿದವರೂ ಶುರುಮಾಡಿದರು. ಬೂಟಿನ ಸುತ್ತ ಕಸ ಹಾಗೇ ಬಿದ್ದಿತ್ತು.