ಹೊರಬೀಡಿನಲ್ಲಿ ನಡೆದ ಮೀಟಿಂಗು

ಎಪ್ಪತ್ತೈದನೇ ಇಸವಿಯಲ್ಲಿ ನಾನು ಪಂಚಾಯಿತಿ ಮೆಂಬರಾಗಿದ್ದೆ ಎಂದರೆ ನನ್ನ ಮೊಮ್ಮಗಳು ನಗುತ್ತಾಳೆ. ನಗಲಿ ಬಿಡಿ. ಹೆಂಗಸರ ಸೀಟಿಗೆ ಯಾರಾದರೂ ಒಬ್ಬರು ಬೇಕಿತ್ತು. ಗಂಡ ಸತ್ತವಳು, ತನ್ನ ಪಾಡಿಗೆ ತಾನಿರುತ್ತಾಳೆ, ಬಾಯಿ ಬಿಡುವುದಿಲ್ಲ ಎಂದು ಚೇರ್ಮನ್ ಬ್ಯಾಟರಾಯಪ್ಪನೇ ನನ್ನ ಹೆಸರು ಕೊಟ್ಟಿದ್ದ. ಪಾಪ, ಅವನಿಗೇನು ಗೊತ್ತು ನನ್ನ ಬಾಯಿ!

ನಮ್ಮೂರು ಕೊಡಿಗೇಹಳ್ಳಿಗೂ ಯಲಹಂಕಕ್ಕೂ ನಡುವೆ, ರೈಲು ಹಳಿಯ ಆಚೆಗಿದೆ. ಆಗ ಪಂಚಾಯಿತಿಗೆ ಕಟ್ಟಡವಿರಲಿಲ್ಲ. ಬ್ಯಾಟರಾಯಪ್ಪನ ನಡುಮನೆಯೇ ಆಫೀಸು. ನಾನು ಮೊದಲ ಸಲ ಮೀಟಿಂಗಿಗೆ ಹೋದಾಗ, "ಬಾ ಲಕ್ಷ್ಮಮ್ಮ, ಒಳಗೆ ನಮ್ಮನೆಯೋಳು ಅಕ್ಕಯ್ಯಮ್ಮ ಅವಳೆ, ಎಲ್ರಿಗೂ ಒಸಿ ಕಾಫಿ ಕಾಸ್ಕೊಂಡು ಬಾ" ಎಂದ. ಕಾಸಿ ಕೊಟ್ಟು ಬಂದೆ. ಎರಡನೇ ಸಲ ಹೋಗಲೇ ಇಲ್ಲ. ಅವನ ಮನೆ ಕಾಫಿ ಕಾಸಲು ನಾನೇಕೆ ಮೆಂಬರಾಗಬೇಕು?

ಆ ಬೇಸಿಗೆಯಲ್ಲಿ ಊರಿಗೆ ವಾಂತಿಭೇದಿ ಬಂತು. ದೇಶ ದೇಶ ಸುತ್ತಿ, ಹಡಗು ಹತ್ತಿ ಬಂದ ಕಾಲರಾ ಅಂತೆ ಅದು. ಎಷ್ಟೋ ವರ್ಷದಿಂದ ಲೋಕವನ್ನೆಲ್ಲ ಕಾಡುತ್ತಿತ್ತಂತೆ. ಕೊನೆಗೆ ನಮ್ಮೂರಿನ ಮೆಟ್ಟಿಲುಬಾವಿಗೆ ಬಂದು ಕೂತಿತು. ಎತ್ತು ತೊಳೆಯುವುದೂ ಅಲ್ಲೇ, ಬಟ್ಟೆ ಒಗೆಯುವುದೂ ಅಲ್ಲೇ, ಕುಡಿಯುವುದೂ ಅದನ್ನೇ. ಮೂಲೆಮನೆ ಸುಬ್ಬಮ್ಮ ಬೆಳಿಗ್ಗೆ ಮಲಗಿದವಳು ಸಂಜೆಗೆ ಹೋಗಿಬಿಟ್ಟಳು. ನನ್ನ ಮಗಳು ಗೋಪಾಲಮ್ಮ ಚೊಚ್ಚಲ ಹೆರಿಗೆಗೆ ನನ್ನ ಮನೆಗೇ ಬಂದಿದ್ದಳು, ತುಂಬಿದ ಬಸುರಿ. ಒಂದೊಂದು ಚೊಂಬು ನೀರನ್ನೂ ಕುದಿಸಿಯೇ ಕೊಡುತ್ತಿದ್ದೆ. ಸೌದೆ ಮುಗಿದ ಮೇಲೆ ತೆಂಗಿನ ಗರಿ, ಅದೂ ಮುಗಿದ ಮೇಲೆ ಹಳೇ ಮಂಚದ ಕಾಲು ಮುರಿದು ಒಲೆಗೆ ಹಾಕಿದೆ. ಇವಳಿಗೆ ಏನಾದರೂ ಆದರೆ ನಾನು ಬದುಕುವುದಿಲ್ಲ ಎಂದು ಪಕ್ಕದ ಮನೆ ತಾಹೆರಾಳ ಮುಂದೆ ಗೊಳೋ ಎಂದು ಅತ್ತೆ. "ಅಳಬ್ಯಾಡ ಅಕ್ಕ, ನಂದೂ ಸೌದೆ ಐತೆ, ತಗೋ" ಎಂದು ಅವಳು ಒಂದು ಹೊರೆ ತಂದು ಹಾಕಿದಳು.

ಆಗ ಬ್ಯಾಟರಾಯಪ್ಪ ಹೊರಬೀಡು ಸಾರಿಸಿದ. ಊರಿಗೆ ರೋಗ ಬಂದರೆ ಊರನ್ನೇ ಒಂದು ದಿನ ಖಾಲಿ ಮಾಡುವುದು ನಮ್ಮ ಕಡೆಯ ಪದ್ಧತಿ. ಮಂಗಳವಾರ ಹೊತ್ತು ಮೂಡುವ ಮುಂಚೆ ಒಲೆ ಆರಿಸಿ, ಬಾಗಿಲಿಗೆ ಬೇವಿನ ಸೊಪ್ಪು ಸಿಕ್ಕಿಸಿ, ಮಕ್ಕಳುಮರಿ, ದನಕರು, ಕೋಳಿ, ನಾಯಿ ಎಲ್ಲದರ ಸಮೇತ ಊರಾಚೆಯ ಮಾವಿನ ತೋಪು ಸೇರಬೇಕು. ಹೊತ್ತು ಮುಳುಗುವವರೆಗೆ ಒಂದು ನರಪಿಳ್ಳೆಯೂ ಊರೊಳಗೆ ಕಾಲಿಡಕೂಡದು. ಮಾರಿ ಬಂದು ನೋಡಿ, ಯಾರೂ ಇಲ್ಲವೆಂದು ಹೊರಟುಹೋಗುತ್ತಾಳೆ. ನಾನು ನಂಬಿದ್ದೆನೋ ಇಲ್ಲವೋ ಕೇಳಬೇಡಿ. ಮಗಳನ್ನು ಗಾಡಿಯಲ್ಲಿ ಕೂರಿಸಿಕೊಂಡು, ಕುದಿಸಿದ ನೀರಿನ ಬಿಂದಿಗೆ ಹಿಡಿದು ಹೊರಟೆ. ತಾಹೆರಾಳ ಮನೆಯವರೂ, ಸಾಬರ ಬೀದಿಯ ಎಲ್ಲರೂ, ಹೊಲಗೇರಿಯವರೂ ಬಂದರು.

ಆ ದಿನ ಎಷ್ಟು ಚೆನ್ನಾಗಿತ್ತು ಅಂತೀರಿ! ಮರಮರದ ಬುಡದಲ್ಲೂ ಮೂರು ಕಲ್ಲಿನ ಒಲೆ. ಒಂದು ಕಡೆ ಹುರುಳಿ ಸಾರು, ಇನ್ನೊಂದು ಕಡೆ ತಾಹೆರಾಳ ಮಸಾಲೆಯ ಘಮ. ಅಷ್ಟು ದಿನ ಹೆದರಿ ಮುದುರಿದ್ದ ಮಕ್ಕಳು ಮರಕೋತಿ ಆಡಿದರು. ಗೋಪಾಲಮ್ಮ ಬಹಳ ದಿನದ ಮೇಲೆ ಹೊಟ್ಟೆ ತುಂಬ ಉಂಡಳು. ನನಗೂ ಜೀವ ಬಂದಂತಾಯಿತು.

ಊಟ ಮುಗಿಯುವ ಹೊತ್ತಿಗೆ ತಾಲ್ಲೂಕಿನಿಂದ ಇಂಜಿನಿಯರ್ ಒಬ್ಬ ಜೀಪಿನಲ್ಲಿ ಬಂದ. ಮುಖ ಬೆಳ್ಳಗೆ ಬಿಳಿಚಿಕೊಂಡಿತ್ತು. "ಏನ್ರೀ ಚೇರ್ಮನ್ರೇ ಇದು? ನಿಮ್ಮನೇಗೆ ಹೋದ್ರೆ ಬೀಗ, ಊರಲ್ಲಿ ಒಂದು ಕೋಳೀನೂ ಇಲ್ಲ! ಎಲ್ರೂ ಹೋಗ್ಬಿಟ್ರೇನೋ ಅಂತ ಎದೆ ಒಡೆದು ಹೋಯ್ತು ಕಣ್ರೀ!"

ಇಡೀ ತೋಪು ಗೊಳ್ಳೆಂದಿತು. ಅವನಿಗೆ ಮಜ್ಜಿಗೆ ಕೊಟ್ಟೆವು. ಗಟಗಟನೆ ಕುಡಿದು, ಸುತ್ತ ನೂರು ಕಿವಿಗಳಿವೆ ಎನ್ನುವ ಪರಿವೆಯೇ ಇಲ್ಲದೆ ಅವನು ಜೋರಾಗಿ ಹೇಳಿದ: "ಕಾಲರಾ ಬಂದಿರೋ ಊರಿಗೆಲ್ಲ ಅರ್ಜೆಂಟಾಗಿ ಒಂದೊಂದು ಬೋರ್‌ವೆಲ್ ಕೊರೀಬೇಕು ಅಂತ ಆರ್ಡರ್ ಆಗಿದೆ. ನಾಳೇನೇ ಲಾರಿ ಬರುತ್ತೆ. ಜಾಗ ನೀವು ಹೇಳಿದ್ದೇ ತಾನೇ? ನಿಮ್ಮ ಹಿತ್ತಿಲು?"

ಎಲ್ಲರ ತಲೆಯೂ ಚೇರ್ಮನ್ ಕಡೆ ತಿರುಗಿತು. ಬ್ಯಾಟರಾಯಪ್ಪ ಟವೆಲ್ಲಿನಿಂದ ಕತ್ತು ಒರೆಸಿಕೊಂಡ. "ಬನ್ನಿ ಸಾಹೇಬ್ರೇ, ಇಂಗೆ ಬಯಲಾಗೆ ಬ್ಯಾಡ. ಒಳಗೆ ಕುಂತು ಮಾತಾಡಾಣ."

"ಒಳಗೆ ಅಂದ್ರೆ ಎಲ್ಲಿ ಅಣ್ಣ?" ಎಂದಳು ತಾಹೆರಾ.

ಅಷ್ಟೇ ಕೇಳಿದ್ದು ಅವಳು. ಬ್ಯಾಟರಾಯಪ್ಪ ಅತ್ತ ಇತ್ತ ನೋಡಿದ. ಒಳಗೆ ಎನ್ನುವುದು ಎಲ್ಲಿತ್ತು? ಬೀಗ ಹಾಕಿಸಿದವನು ಅವನೇ, ಹೊತ್ತು ಮುಳುಗುವವರೆಗೆ ಯಾರೂ ಊರು ಸೇರಬಾರದೆಂದು ತಮಟೆ ಹೊಡೆಸಿದವನೂ ಅವನೇ. ಹೆಂಗಸರೆಲ್ಲ ಕಿಸಕ್ಕೆಂದರು.

ನಾನು ಎದ್ದು ನಿಂತೆ. "ನಾನೂ ಮೆಂಬರು ಕಣಣ್ಣ. ಉಳಿದ ಮೆಂಬರುಗಳೂ ಇಲ್ಲೇ ಅವ್ರೆ. ಇವತ್ತು ಇಲ್ಲೇ ಮೀಟಿಂಗು."

"ಏ ಲಕ್ಷ್ಮಮ್ಮ, ಸುಮ್ಕಿರು. ನನ್ನ ಇತ್ತಿಲಾಗೆ ಕೊರೆದ್ರೆ ನಾನೊಬ್ನೇ ಕುಡೀತೀನಾ? ಊರೋರೆಲ್ಲ ಬಂದು ಸೇದ್ಕೊಂಡು ಓಗ್ಲಿ."

"ನಿನ್ನ ಗೇಟಿಗೆ ಬೀಗ ಐತೆ. ಗೇಟಿನ ಇಂದೆ ನಾಯಿ ಐತೆ. ಒಲಗೇರಿಯೋರನ್ನ ಒಳೀಕೆ ಬಿಡ್ತೀಯಾ? ತಾಹೆರಾನ ಬಿಡ್ತೀಯಾ? ಇಲ್ನೋಡು, ನನ್ನ ಮಗಳು. ನಿನ್ನ ಜಗಲಿ ಮೇಲೆ ಆಡಿ ಬೆಳೆದೋಳು. ಇವಳು ಬಾಣಂತಿ ಆದ್ಮೇಲೆ ಒಂದು ಚೊಂಬು ನೀರಿಗೆ ನಿನ್ನ ಬಾಗಿಲು ತಟ್ಟಬೇಕಾ?" ಎಂದು ನೀರಿನ ಬಿಂದಿಗೆಯನ್ನು ಅವನ ಮುಂದೆ ಕುಕ್ಕಿದೆ.

ಕೊನೆಗೆ ಅವನ ಹೆಂಡತಿ ಅಕ್ಕಯ್ಯಮ್ಮನೇ ಒಲೆಯ ಮುಂದಿನಿಂದ ಕೂಗಿದಳು: "ನಮ್ಮ ಇತ್ತಿಲಾಗೆ ಬ್ಯಾಡವೇ ಬ್ಯಾಡ! ದಿನಾ ಊರೋರಿಗೆಲ್ಲ ಗೇಟು ತೆಗಿಯೋಳು ಯಾರು? ನಾನೇ ತಾನೇ? ಕಾಫಿ ಕಾಸಿ ಕಾಸಿ ಸಾಕಾಗೈತೆ ನಂಗೆ!"

ಅಯ್ಯೋ, ಆ ನಗು! ಇಂಜಿನಿಯರ್ ಕೂಡ ಹೊಟ್ಟೆ ಹಿಡಿದುಕೊಂಡ. ಒಂದೊಂದೇ ಜಾಗ ಹೆಸರಿಸಿ ಅವನು ಕೇಳಿದ, ಊರವರು ಕೈ ಎತ್ತಿದರು. ನಮ್ಮ ಬೀದಿ, ಸಾಬರ ಬೀದಿ, ಹೊಲಗೇರಿ ಸೇರುವ ಕಡೆ ಹುಣಸೇಮರದ ಹತ್ತಿರ ಕೊರೆಯಬೇಕೆಂದು ತೀರ್ಮಾನವಾಯಿತು. ಬ್ಯಾಟರಾಯಪ್ಪನ ಕೈ ಎಲ್ಲರಿಗಿಂತ ತಡವಾಗಿ ಮೇಲೆದ್ದಿತು. ಎದ್ದಿತಲ್ಲ, ಅಷ್ಟು ಸಾಕು.

ನೀರು ಬಿತ್ತು. ವಾರದಲ್ಲೇ ಗೋಪಾಲಮ್ಮನಿಗೆ ಹೆಣ್ಣುಮಗು. ತಾಹೆರಾ ಕೈಪಂಪು ಹೊಡೆದಳು, ನಾನು ನೀರು ಕಾಯಿಸಿ ಬಾಣಂತಿಗೂ ಮಗುವಿಗೂ ಎರೆದೆ. ರೋಗ ನಿಂತಿತು. ಹೊರಬೀಡಿಗೆ ಹೆದರಿ ಮಾರಿ ಹೋದಳೋ, ನಾವು ಬಾವಿ ಬಿಟ್ಟಿದ್ದಕ್ಕೆ ರೋಗ ಹೋಯಿತೋ, ಆ ಜಗಳ ನಮ್ಮೂರಿನಲ್ಲಿ ಇನ್ನೂ ಮುಗಿದಿಲ್ಲ. ಆದರೆ ಒಂದು ಮಾತ್ರ ಬದಲಾಯಿತು. ಚರಂಡಿ ತೋಡಬೇಕೆಂದರೂ, ಬೀದಿದೀಪ ಬೇಕೆಂದರೂ, ಹೆಂಗಸರು "ತೋಪಿಗೆ ಬರ್ಲಿ ಮಾತು" ಎನ್ನತೊಡಗಿದರು. ನಡುಮನೆಯ ಮೀಟಿಂಗು ಅಲ್ಲಿಗೆ ಮುಗಿಯಿತು.

ಈಗ ಎಂಬತ್ತೇಳನೇ ಇಸವಿ. ಹೊಸದಾಗಿ ಮಂಡಲ ಪಂಚಾಯಿತಿ ಬಂದಿದೆ, ನಾನೇ ಪ್ರಧಾನೆ, ಅಂದರೆ ಅದರ ಚೇರ್ಮನ್. ತಾರಸಿ ಹಾಕಿದ ಕಟ್ಟಡ, ಫ್ಯಾನು, ನನಗೊಂದು ಕೈಯಿರುವ ಕುರ್ಚಿ. ಮೊದಲ ಮೀಟಿಂಗಿನ ದಿನ ಬ್ಯಾಟರಾಯಪ್ಪ ಕೋಲೂರಿಕೊಂಡು ಎಲ್ಲರಿಗಿಂತ ಮುಂಚೆ ಬಂದ. ಅಕ್ಕಯ್ಯಮ್ಮನಿಗೆ ಮಂಡಿನೋವು, ಹುಣಸೇಮರದ ಪಂಪಿನವರೆಗೆ ನಡೆಯಲಾರಳು. ಅದು ನನಗೂ ಗೊತ್ತಿತ್ತು.

"ತಾಯೀ ಲಕ್ಷ್ಮಮ್ಮ, ಒಂದು ನಲ್ಲಿ ವಿಚಾರ. ಜನ ಬರೋಕ್ಮುಂಚೆ ಒಳಗೆ ಕುಂತು ಮಾತಾಡಾಣ" ಎಂದ, ಮೆಲ್ಲಗೆ.

ನಾನು ಎದ್ದು ಹೊರಗೆ ಬಂದೆ, ಹೊಸ ಬಾಗಿಲಿಗೆ ಬೀಗ ಜಡಿದೆ. "ಒಳಗೆ ಅಂದ್ರೆ ಎಲ್ಲಿ ಅಣ್ಣ?"

ಮುದುಕ ಕೆಮ್ಮು ಬರುವಷ್ಟು ನಕ್ಕ. "ಮರೀಲಿಲ್ಲ ನೋಡು ನೀನು!" ಎಂದು ಕೋಲೂರಿಕೊಂಡು ತೋಪಿನ ದಾರಿ ಹಿಡಿದ. ನಾನು ಹೋಗುವಷ್ಟರಲ್ಲಿ ಒಳ್ಳೆಯ ನೆರಳು ನೋಡಿ ಜಾಗ ಹಿಡಿದು ಕೂತಿದ್ದ. ಎಲ್ಲರ ಮುಂದೆ ಎದ್ದು ನಿಂತು ಕೇಳಿದ. ಅವನ ಬೀದಿಯ ಮೂಲೆಗೊಂದು ನಲ್ಲಿ ಆಗಲಿ ಎಂದು ಮೊದಲು ಕೈ ಎತ್ತಿದವಳು ನಾನೇ.